ರೊಟ್ಟಿ ಹಬ್ಬದಂದು ತೆರೆದ ಅಂಗಡಿ

ಮುಳುಗಡೆಯ ಹೆಂಗಸರನ್ನು ಉದ್ಯಮಿಗಳನ್ನಾಗಿ ಮಾಡುವುದು ನನ್ನ ಕೆಲಸವಾಗಿತ್ತು. ಹಡಗಲಿಯ ಒಂದು ಸಂಸ್ಥೆ ನನಗೆ ಸಂಬಳ ಕೊಡುತ್ತಿದ್ದುದೇ ಅದಕ್ಕೆ. ಹೊಳೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದವರಿಗೆ ಪಟ್ಟಣದ ಹೊರಗಿನ ಕಲ್ಲುನೆಲದಲ್ಲಿ ಸಾಲಾಗಿ ಮನೆ ಕಟ್ಟಿಸಿದ್ದರು. ಚೀಟಿ ಎತ್ತಿ ಹಂಚಿದ್ದರಿಂದ ಹಳೆಯ ನೆರೆಹೊರೆಯವರು ಚೆಲ್ಲಾಪಿಲ್ಲಿಯಾಗಿದ್ದರು. ನಿಷ್ಪಕ್ಷಪಾತ ಅಂದರೆ ಹಾಗೆ, ಯಾರಿಗೂ ಬೇಕಾದ ನೆರೆಮನೆ ಸಿಗಬಾರದು.

ಆ ಹೆಂಗಸರಿಗೆ ನಾನು ಮೂರು ದಿನ ತರಬೇತಿ ಕೊಟ್ಟೆ. ಬುದ್ಧಿ ಬಂದಾಗಿನಿಂದ ರೊಟ್ಟಿ ಬಡಿಯುತ್ತಿದ್ದವರಿಗೆ, ಪರದೆಯ ಮೇಲೆ ಚಿತ್ರ ತೋರಿಸಿ, ರೊಟ್ಟಿ ದುಂಡಗಿರಬೇಕು ಎಂದು ಹೇಳಿಕೊಟ್ಟೆ. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಅವಳು ಮುಂದಿನ ಸಾಲಿನಲ್ಲಿ ಕೂತು ಶ್ರದ್ಧೆಯಿಂದ ಕೇಳಿ, “ಚಲೋ ಹೇಳಿದ್ರಿ ಮೇಡಂ. ನೀವು ಮನ್ಯಾಗ ರೊಟ್ಟಿ ಮಾಡ್ತೀರೇನ್ರಿ?” ಎಂದಳು. ನಾನು ಖಾನಾವಳಿಯಿಂದ ತರಿಸುತ್ತಿದ್ದೆ. ಬೇಗಬೇಗ ಮುಂದಿನ ಚಿತ್ರಕ್ಕೆ ಹೋದೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಂಸ್ಥೆ ಅವರಿಗೊಂದು ರೊಟ್ಟಿ ಅಂಗಡಿ ಹಿಡಿದುಕೊಟ್ಟಿತು. ತಿಂಗಳೊಳಗೆ ವ್ಯಾಪಾರ ಕುದುರದಿದ್ದರೆ ಅದು ಬೇರೆಯವರ ಪಾಲು ಎಂಬುದೊಂದೇ ಷರತ್ತು. ದೊಡ್ಡವ್ವನ ಬದನೆ, ಸೌತೆಯ ತೋಟ ನೀರಿಗೆ ಹೋಗಿತ್ತು, ಕೂಲಿ ಮಾಡಲು ಮೊಣಕಾಲು ಬಿಡುತ್ತಿರಲಿಲ್ಲ. “ಈ ಅಂಗಡಿ ಹೋತಂದ್ರ ಅಳಿಯನ ಮನ್ಯಾಗ ಕುಂತು ಉಣ್ಬೇಕ್ರಿ. ಅದೊಂದು ಬ್ಯಾಡ” ಎನ್ನುತ್ತಿದ್ದಳು. ಓಣಿಯವರಿಗೆ ಮಾತ್ರ ಇವರು ಬರೀ ‘ಮುಳುಗಡ್ಯಾರು’. ಯಾರ ಕೈ ಅಡುಗೆಯೋ ಏನೋ ಎಂದು ದೂರ ನಿಲ್ಲುತ್ತಿದ್ದರು.

ಉದ್ಘಾಟನೆಯ ದಿನವನ್ನು ಆರಿಸಿದವಳು ನಾನೇ. ರೊಟ್ಟಿ ಹಬ್ಬ. ನಾಗರಪಂಚಮಿಯಂದು ರೊಟ್ಟಿ ಹಂಚು ಒಲೆಗೇರುವಂತಿಲ್ಲವಾದ್ದರಿಂದ ಅದಕ್ಕೆ ಮುಂಚೆಯೇ ಮನೆಮನೆಯಲ್ಲಿ ಎಳ್ಳು ಹಚ್ಚಿದ ಖಡಕ್ ರೊಟ್ಟಿ ಮಾಡುತ್ತಾರೆ. ಊರಿಗೆ ಊರೇ ರೊಟ್ಟಿ ತಿನ್ನುವ ದಿನಕ್ಕಿಂತ ಒಳ್ಳೆಯ ಮಾರುಕಟ್ಟೆ ಯಾವುದು? ಸಂಸ್ಥೆಯ ಸಾಹೇಬರು ನನ್ನ ಜಾಣತನವನ್ನು ಸಭೆಯಲ್ಲಿ ಹೊಗಳಿದರು. “ಆವತ್ತು ಬ್ಯಾಡ್ರಿ ಮೇಡಂ” ಎಂದು ದೊಡ್ಡವ್ವ ಎರಡು ಸಲ ಹೇಳಿದಳು. ನಾನು ಪುಸ್ತಕದಲ್ಲಿ ‘ಆತ್ಮವಿಶ್ವಾಸದ ಕೊರತೆ’ ಎಂದು ಬರೆದುಕೊಂಡೆ.

ಆ ದಿನ ರೊಟ್ಟಿಯನ್ನು ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ತಟ್ಟೆಯಲ್ಲಿಟ್ಟು ನೆರೆಮನೆಗೆ ಕೊಡುತ್ತಾರೆ, ಅವರು ಅದೇ ತಟ್ಟೆಯಲ್ಲಿ ತಮ್ಮ ರೊಟ್ಟಿ ಇಟ್ಟು ಕಳಿಸುತ್ತಾರೆ. ನಾನೂ ಹರಪನಹಳ್ಳಿಯವಳೇ, ಚಿಕ್ಕಂದಿನಲ್ಲಿ ಹತ್ತು ಮನೆಗೆ ತಟ್ಟೆ ಒಯ್ದವಳೇ. ಆದರೆ ಅಷ್ಟೆಲ್ಲ ಓದಿ, ಅಷ್ಟೆಲ್ಲ ಕಾರ್ಯಾಗಾರ ಮುಗಿಸಿದವಳಿಗೆ ಇಂಥದ್ದು ನೆನಪಿರಲು ಸಾಧ್ಯವೇ?

ಸಾಹೇಬರು ಟೇಪು ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋದರು. ಮಧ್ಯಾಹ್ನದವರೆಗೆ ನೊಣ ಬಿಟ್ಟರೆ ಬೇರೆ ಗಿರಾಕಿ ಇಲ್ಲ. ಎದುರು ಮನೆಯಾಕೆ ತಟ್ಟೆ ಹಿಡಿದು ಹೊರಬಂದು, ನಮ್ಮ ಅಂಗಡಿ ದಾಟಿ, ಪಕ್ಕದ ಮನೆಗೆ ಹೋದಳು. ದೊಡ್ಡವ್ವ ಅದನ್ನು ನೋಡಿದಳು. ಎದ್ದು ಸೆರಗು ಸಿಕ್ಕಿಸಿ, ನಾನು ಹೆಸರು ಅಂಟಿಸಿದ್ದ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಹರಿದು ತಟ್ಟೆಗಳಿಗೆ ರೊಟ್ಟಿ ಹಾಕತೊಡಗಿದಳು.

“ಏನ್ ಮಾಡ್ತಿದೀರಿ ದೊಡ್ಡವ್ವಾ? ಅದು ಮಾರೋ ಮಾಲು!”

“ಹಬ್ಬದಾಗ ರೊಟ್ಟಿ ಮಾರಿದ್ರ ನಮ್ಮನ್ನ ಮನುಷ್ಯಾರು ಅಂತಾರೇನ್ರಿ? ನೀವು ಕುಂದರ್ರಿ.”

ಹೆಂಗಸರೆಲ್ಲ ತಟ್ಟೆ ಹಿಡಿದು ಓಣಿಯ ಬಾಗಿಲು ಬಾಗಿಲಿಗೆ ಹೋದರು. ನನ್ನ ವರದಿಯ ನಮೂನೆಯಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ. ಇವರ ಅಂಗಡಿ ಹೋಯಿತಲ್ಲ ಎಂದು ಚಿಂತೆಯಾಯಿತು. ಸುಳ್ಳು ಯಾಕೆ, ನನ್ನ ಕೆಲಸವೂ ಹೋಯಿತಲ್ಲ ಎಂದು ಇನ್ನೂ ಹೆಚ್ಚು ಚಿಂತೆಯಾಯಿತು.

ಸಂಜೆಗೆ ತಟ್ಟೆಗಳು ವಾಪಸ್ಸು ಬಂದವು. ಮೊದಲು ಬಂದವಳು ಎದುರು ಮನೆಯಾಕೆ. ತಟ್ಟೆಯಲ್ಲಿ ಅವಳ ರೊಟ್ಟಿ, ಕಾಳುಪಲ್ಯ, ಎರಡು ಶೇಂಗಾ ಉಂಡಿ. “ಎಳ್ಳು ಒಂದೂ ಉದುರಿಲ್ಲಲ್ಲ ಯವ್ವಾ, ಹೆಂಗ ಹಚ್ತೀರಿ?” ಎನ್ನುತ್ತ ಅಂಗಡಿಯ ಕಟ್ಟೆಯ ಮೇಲೆ ಕೂತೇಬಿಟ್ಟಳು. ಮುಂದಿನ ವಾರ ಬಸುರಿ ಸೊಸೆಯ ಕುಬಸದ ಊಟಕ್ಕೆ ರೊಟ್ಟಿ ಹೇಳಿದವಳೂ ಅವಳೇ. ಅವಳ ಹಿಂದೆ ಉಳಿದವರೂ ಬಂದರು. ತಿಂಗಳು ತುಂಬಿದಾಗ ಅಂಗಡಿ ದೊಡ್ಡವ್ವನ ಕೈಯಲ್ಲೇ ಇತ್ತು.

ವರದಿಯಲ್ಲಿ ನಾನು ‘ಉಚಿತ ಮಾದರಿ ವಿತರಣಾ ತಂತ್ರ’ ಎಂದು ಬರೆದೆ. ಸಾಹೇಬರು ಮೆಚ್ಚಿ, ಅದನ್ನು ಕಲಿಸಲು ನನ್ನನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗೆ ಕಳಿಸಿದರು. ನಾಚಿಕೆ ಬಿಟ್ಟು ಹೋದೆ, ಹೊಸ ಚಿತ್ರಗಳ ಸಮೇತ.

ಮರುವರ್ಷ ರೊಟ್ಟಿ ಹಬ್ಬದಂದು ರಜೆಯೆಂದು ಬಾಗಿಲು ಹಾಕಿಕೊಂಡು ಮಲಗಿದ್ದೆ. ಯಾರೋ ಬಾಗಿಲು ಬಡಿದರು. ತೆರೆದರೆ ದೊಡ್ಡವ್ವ, ಕೈಯಲ್ಲಿ ಮುಚ್ಚಿದ ತಟ್ಟೆ.

“ತಗಾ ಮಗಳ” ಎಂದಳು. ಮೇಡಂ ಎನ್ನಲಿಲ್ಲ.

ಆ ಬಾಡಿಗೆ ಮನೆಯಲ್ಲಿ ಆರು ವರ್ಷದಿಂದ ಇದ್ದೆ. ಹಬ್ಬದ ತಟ್ಟೆ ನನ್ನ ಬಾಗಿಲಿಗೆ ಬಂದದ್ದು ಅದೇ ಮೊದಲು. ಖಾಲಿ ಕಳಿಸಬಾರದೆಂದು ಒಳಗೆ ಹೋಗಿ ಡಬ್ಬಿಗಳನ್ನೆಲ್ಲ ತಡಕಾಡಿದೆ. ಸಿಕ್ಕಿದ್ದು ಅರ್ಧ ಪೊಟ್ಟಣ ಬಿಸ್ಕತ್ತು. ಅದನ್ನು ಹಿಡಿದು ಅಡುಗೆಮನೆಯಲ್ಲೇ ನಿಂತೆ, ಅಳು ಬಂತು.

“ತಾಟು ಇಲ್ಲೇ ಇರ್ಲಿ ಬಿಡು” ಎಂದಳು ದೊಡ್ಡವ್ವ ಹೊಸ್ತಿಲಿನಿಂದ. “ಪಂಚಮಿ ಮುಗೀಲಿ, ಅಂಗಡಿಗಿ ಬಾ, ರೊಟ್ಟಿ ಬಡ್ಯಾದು ಕಲಿಸ್ತೀನಿ. ಆಮ್ಯಾಲೆ ತುಂಬಿ ಕೊಡುವಂತಿ. ಮೂರು ದಿನದಾಗ ಬರಂಗಿಲ್ಲ ಮತ್ತ ಅದು.”