ನಿದ್ದೆ ಡಾಕ್ಟರಿಗೆ ನಿದ್ದೆಯಿಲ್ಲ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ನಿದ್ದೆ ಡಾಕ್ಟರು ಅರಿವಳಿಕೆ ಯಂತ್ರದ ಮುಂದೆ ಬಗ್ಗಿ ಔಷಧಿಯ ಮಟ್ಟ ನೋಡುತ್ತಾರೆ. ಬಾಗಿಲವರೆಗೆ ಹೋದವರು ಮತ್ತೆ ಬಂದು ನೋಡುತ್ತಾರೆ. ಮೊನ್ನೆಯಿಂದ ಹೀಗೇ.

ರೋಗಿಗೆ ಮಂಪರು ಬರಿಸಿ, ಆಪರೇಷನ್ ಮುಗಿಯುವವರೆಗೆ ಉಸಿರು ಕಾಯುವುದು ಈಕೆಯ ಕೆಲಸ. ವಾಸಿಯಾದವರು ಕೈಮುಗಿಯುವುದು ಸರ್ಜನ್ನರಿಗೆ. ಇವರ ಮುಖ ಯಾರಿಗೆ ನೆನಪಿರಬೇಕು? "ನನ್ನ ನೋಡ್ತಿದ್ದ ಹಾಗೇ ಕಣ್ಣು ಮುಚ್ತಾರಲ್ಲ," ಎಂದು ನಗುತ್ತಾರೆ. ಆ ನಗುವೂ ಸುಸ್ತಾಗಿದೆ.

ಮೊನ್ನೆ ಎಡವಟ್ಟಾಯಿತು. ಒಂದರ ಹಿಂದೊಂದು ಆಪರೇಷನ್, ಯಂತ್ರದಲ್ಲಿ ಔಷಧಿ ತಳ ಕಂಡದ್ದು ಇವರ ಕಣ್ಣಿಗೆ ಬೀಳಲಿಲ್ಲ. ಹೊಟ್ಟೆ ಕೊಯ್ಯುತ್ತಿರುವಾಗಲೇ ರೋಗಿಗೆ, ಬಟ್ಟೆ ಹೊಲಿಯುವ ಟೈಲರಮ್ಮನಿಗೆ, ಎಚ್ಚರವಾಗಿಬಿಟ್ಟಿತು. ಸ್ನಾಯು ಸಡಿಲಿಸುವ ಇಂಜೆಕ್ಷನ್ನಿನಿಂದ ಮೈ ಅಲ್ಲಾಡದು, ದನಿ ಹೊರಡದು. ಅಬ್ಬಾ, ಶತ್ರುವಿಗೂ ಬೇಡ! ಅಂದಿನಿಂದ ಆಕೆಗೆ ಕಣ್ಣು ಮುಚ್ಚಲೂ ಭಯ. ಎಚ್ಚರವಿತ್ತು ಎಂದರೆ ತಲೆ ಕೆಟ್ಟಿದೆ ಎನ್ನುತ್ತಾರೆ ಮನೆಯವರು.

"ಕನಸು ಅಂತ ಹೇಳಿ ಮುಗಿಸಿ. ನೀವಾಗೇ ಯಾಕೆ ಮೈಮೇಲೆ ಎಳ್ಕೋತೀರಿ?" ಎನ್ನುತ್ತಾರೆ ಸರ್ಜನ್. ಕೆಟ್ಟವರೇನಲ್ಲ, ಹಿಂದೊಮ್ಮೆ ನಿಜ ಹೇಳಿ ರೋಗಿಯ ಕಡೆಯವರಿಂದ ಏಟು ತಿಂದವರು.

ನಿದ್ದೆ ಡಾಕ್ಟರಿಗೂ ಹೆದರಿಕೆ ಇಲ್ಲದಿಲ್ಲ. ಕೆಲಸ ಹೋದರೆ? ಆದರೂ ವಾರ್ಡಿಗೆ ನಡೆಯುತ್ತಾರೆ. ಮಂಚದ ಅಂಚಿಗೆ ಕೂತು ಹೇಳುತ್ತಾರೆ: "ಅದು ಕನಸಲ್ಲಮ್ಮ. ಔಷಧಿ ಖಾಲಿಯಾಗಿದ್ದನ್ನ ನಾನು ನೋಡ್ಲಿಲ್ಲ. ತಪ್ಪು ನಂದೇ."

ಪಕ್ಕದಲ್ಲಿದ್ದ ಗಂಡ ಎದ್ದು ನಿಲ್ಲುತ್ತಾನೆ. "ಜೀವ ಅಂದ್ರೆ ಹುಡುಗಾಟಾನಾ? ಇವತ್ತೇ ಕಂಪ್ಲೇಂಟ್ ಕೊಡ್ತೀನಿ!"

"ಸ್ವಲ್ಪ ಸುಮ್ನಿರ್ರಿ ನೀವು. ನಾನು ಹೇಳಿದಾಗ ನಂಬಿದ್ರಾ?" ಎಂದು ಟೈಲರಮ್ಮ ಗದರುತ್ತಾಳೆ. ಡಾಕ್ಟರ ಕಡೆ ತಿರುಗುತ್ತಾಳೆ. "ಹೊಟ್ಟೆ ಕೊಯ್ಯೋವಾಗ, ಮಗಳಿಗೆ ಶೂ ಚಿಕ್ಕದಾಯ್ತು ಅಂತಿದ್ರು, ದೊಡ್ಡ ಡಾಕ್ಟ್ರು. ಹೌದಾ?"

"ಹೌದಮ್ಮ."

"ಹಾಗಾದ್ರೆ ನಂಗೆ ಹುಚ್ಚಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. "ನಿಮ್ಮನ್ನ ಕ್ಷಮಿಸೋಕೆ ಮಾತ್ರ ನನ್ನಿಂದಾಗಲ್ಲ."

"ಬೇಡ," ಎಂದು ನಿದ್ದೆ ಡಾಕ್ಟರು ಎದ್ದು ಬರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಆಡಳಿತಾಧಿಕಾರಿಯಿಂದ ಕರೆ ಬಂದಿದೆ, ಕಂಪ್ಲೇಂಟ್ ತಲುಪಿದೆ. ಅಲ್ಲಿಗೆ ಹೋಗುವ ಮುನ್ನ, ತಡೆಯಲಾರದೆ ವಾರ್ಡಿಗೆ ಇಣುಕುತ್ತಾರೆ. ಟೈಲರಮ್ಮ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಾಳೆ. ನರ್ಸಿನ ಕೈಯಲ್ಲಿ ಮಾತ್ರೆ.

"ಮೇಡಂ, ನಿದ್ದೆ ಮಾತ್ರೆ ಕೊಡ್ಬೇಕಿತ್ತು. ಎಬ್ಬಿಸ್ಲಾ?"

"ಅಯ್ಯೋ, ಬೇಡ ಮಾರಾಯ್ತಿ!" ಎಂದು ನಗುತ್ತಾರೆ. "ಮಲಗ್ಲಿ ಬಿಡು. ಅದು ನಾನು ಕೊಟ್ಟ ನಿದ್ದೆ ಅಲ್ಲ."