ತಿಯಾಲ್ ಅಜ್ಜಿಯ ಬಳಗ
ಕ್ವಾಲಾಲಂಪುರದ ಪುಡು ಮಾರುಕಟ್ಟೆಯ ಹಿಂದೆ, ಬರ್ಮಾದ ಚಿನ್ ಬೆಟ್ಟಗಳಿಂದ ಓಡಿಬಂದವರ ಓಣಿಯಲ್ಲಿ, ಯಾರಿಗಾದರೂ ಅಮೆರಿಕದಲ್ಲಿ ನೆಲೆ ಸಿಕ್ಕಿತೆಂದರೆ ಅವರಿಗಿಂತ ಮೊದಲು ಗಡಿಬಿಡಿ ಶುರುವಾಗುವುದು ತಿಯಾಲ್ ಅಜ್ಜಿಗೆ. ಭಾನುವಾರ ಪ್ರಾರ್ಥನೆ ಮುಗಿಯುವುದರೊಳಗೆ ಮೆಕ್ಕೆಜೋಳದ ಗಂಜಿಯ ಹಂಡೆ ಇಟ್ಟುಕೊಂಡು ಚರ್ಚಿನ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಒಂದು ಬಟ್ಟಲು ಕೊಳ್ಳದೆ ಪಾದ್ರಿಯೂ ದಾಟುವಂತಿಲ್ಲ. ಯಾರಾದರೂ "ಹೊಟ್ಟೆ ತುಂಬಿದೆ ಅಜ್ಜಿ" ಎಂದರೆ, "ನಿನ್ನ ಹೊಟ್ಟೆ ಕಟ್ಕೊಂಡು ನಂಗೇನಾಗ್ಬೇಕು? ಹೊರಟಿರೋ ಕೂಸಿಗೆ ಸ್ವೆಟರ್ ಕೊಳ್ಬೇಕು, ಕುಡಿ!" ಎನ್ನುತ್ತಾಳೆ. ತಾನು ಹಿಮ ಕಂಡವಳಲ್ಲ. ಆದರೂ ಹೊರಟವರಿಗೆ ಮೂರು ಮೂರು ಸ್ವೆಟರ್ ತೊಡಿಸಿ, ಉರಿಬಿಸಿಲಲ್ಲಿ ಓಣಿಯುದ್ದಕ್ಕೂ ನಡೆಸಿ ನೋಡುತ್ತಾಳೆ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಆ ಮಾತೆತ್ತಲು ಅವಳು ಯಾರಿಗೂ ಬಿಡುವು ಕೊಟ್ಟಿಲ್ಲ. ಕಳೆದ ತಿಂಗಳು ಅವಳಿಗೂ ಅಮೆರಿಕಕ್ಕೆ ಕಳಿಸುವವರಿಂದ ಸಂದರ್ಶನದ ಕರೆ ಬಂತು. "ಅಮೆರಿಕದಲ್ಲಿ ನಿಮ್ಮೋರು ಅಂತ ಯಾರಾದ್ರೂ ಇದ್ದಾರಾ ಅಮ್ಮಾ?" ಎಂದು ಅಧಿಕಾರಿಣಿ ಕೇಳಿದಳು. ಅಜ್ಜಿ ತಾನು ಕಳಿಸಿಕೊಟ್ಟ ಮನೆಯವರನ್ನೆಲ್ಲ ಮಕ್ಕಳ ಹೆಸರು ಸಮೇತ ಹೇಳತೊಡಗಿದಳು. ಹನ್ನೊಂದನೆಯ ಮನೆಗೆ ಬರುವಷ್ಟರಲ್ಲಿ ಅಧಿಕಾರಿಣಿ ನಕ್ಕು ಪೆನ್ನು ಕೆಳಗಿಟ್ಟಳು. "ಈ ಫಾರಂನಲ್ಲಿ ಎರಡೇ ಸಾಲು ಜಾಗ ಇರೋದು." "ಅದಕ್ಕೇನಂತೆ, ಹಾಳೆ ತಿರುಗಿಸಿ ಬರೀರಿ," ಎಂದ ಅಜ್ಜಿ ಹನ್ನೆರಡನೆಯ ಮನೆಯನ್ನು ಶುರುಮಾಡಿದಳು.