ಷಷ್ಠಿಯ ದಿನ ಕಚ್ಚಿದ ಮೀನು

ಎದೆ ಇನ್ನೂ ಡವಡವ ಎನ್ನುತ್ತಿದೆ. ಒಂದು ಮೀನು ಹಿಡಿದವನಿಗೆ ಇಷ್ಟೇಕೆ ಗಾಬರಿ ಎಂದು ನೀವು ಕೇಳಬಹುದು. ಅದು ಸಿಕ್ಕಿದ್ದೇ ಗಾಬರಿಗೆ ಕಾರಣ, ಸ್ವಾಮಿ!

ಚಳಿಗಾಲದಲ್ಲಿ ಮೀನು ಹಿಡಿಯುವುದೆಂದರೆ ಮುನಿಸಿಕೊಂಡ ಅಳಿಯನನ್ನು ಊಟಕ್ಕೆ ಎಬ್ಬಿಸಿದಂತೆ. ನೀರು ತಣ್ಣಗಾದರೆ ಮೀನಿನ ಹಸಿವು ಮಂದ. ತಳ ಬಿಟ್ಟು ಏಳುವುದಿಲ್ಲ. ಆಗೇನು ಮಾಡಬೇಕು ಎಂಬುದರಲ್ಲಿ ಪದ್ಮನಾಭನಗರದ ಗೆಳೆಯ ಮಂಜನಿಗೂ ನನಗೂ ಒಮ್ಮತವಿಲ್ಲ. ಅವನು ಸ್ಟೀಲ್‌ಹೆಡ್ ಎಂಬ ಪರದೇಶದ ಮೀನನ್ನು ಚಳಿ ಕೊರೆಯುವ ನದಿಯಲ್ಲಿ ಹಿಡಿಯುವ ವಿಡಿಯೋ ನೋಡಿ ನೋಡಿ ಕೆಟ್ಟುಹೋದವನು. ಬಣ್ಣದ ಪ್ಲಾಸ್ಟಿಕ್ ಮರಿಮೀನನ್ನು ದಾರಕ್ಕೆ ಕಟ್ಟಿ ಎಸೆಯುವುದು, ನಿಧಾನಕ್ಕೆ ಎಳೆಯುವುದು, ಮತ್ತೆ ಎಸೆಯುವುದು. "ರೇಗಿಸ್ಬೇಕು ಗುರು, ಹಸಿವಿಲ್ದಿದ್ರೂ ಕೋಪಕ್ಕೆ ಕಚ್ಚುತ್ತೆ" ಎನ್ನುತ್ತಾನೆ. ನನ್ನದು ಉಪಚಾರದ ಪಂಥ. ಹುರಿಗಡಲೆ ಹಿಟ್ಟು, ಬೆಲ್ಲ, ಏಲಕ್ಕಿ, ತುಸು ತುಪ್ಪ ಸೇರಿಸಿ ಉಂಡೆ ಕಟ್ಟಿ, ಬೆಂಡು ತೇಲಿಬಿಟ್ಟು, ಗಾಳವನ್ನು ತಳಕ್ಕಿಳಿಸಿ, ಬಿಸಿಲೇರುವವರೆಗೆ ಕಾಯುವುದು. ಎರಡೂ ವಿಧಾನಗಳ ಫಲ ಈವರೆಗೆ ಸರಿಸಮ: ಸೊನ್ನೆ.

ಅದಕ್ಕೇ ನನ್ನ ಹೆಂಡತಿ ಸುಮಾ ಶನಿವಾರ ಕಡ್ಡಿ ಮುರಿದಂತೆ ಹೇಳಿದ್ದಳು: "ನಾಳೆನೂ ಏನೂ ಸಿಗ್ಲಿಲ್ಲ ಅಂದ್ರೆ ಆ ಕೋಲು ಅಟ್ಟಕ್ಕೆ. ಮುಗೀತು." ಮರುದಿನ ಸುಬ್ಬರಾಯನ ಷಷ್ಠಿಯಾದ್ದರಿಂದ ಮೀನು ಮನೆಗೆ ತರುವಂತಿಲ್ಲ, ಹಿಡಿದು ಬಿಟ್ಟದ್ದಕ್ಕೆ ಫೋಟೋ ಸಾಕು ಎಂಬ ರಿಯಾಯಿತಿಯೊಂದು ಸಿಕ್ಕಿತ್ತು.

ಬೆಳಿಗ್ಗೆ ಅಡುಗೆಮನೆಯಿಂದ ಉಂಡೆಗಳಿದ್ದ ಸ್ಟೀಲ್ ಡಬ್ಬಿ ಎತ್ತಿಕೊಂಡು, ಕೋಣನಕುಂಟೆ ದಾಟಿ, ಗಾಳ ಹಾಕಲು ಬಿಡುವ ಒಂದು ಕೆರೆಗೆ ಹೋದೆವು. ಮಂಜ ಎಸೆದ, ಎಳೆದ, ಬೈದುಕೊಂಡ. ನಾನು ಉಂಡೆ ಸಿಕ್ಕಿಸಿ ಕೂತೆ. ಬೆಂಡು ಪುಳಕ್ಕನೆ ಮುಳುಗಿತು! ಮೊಣಕೈ ಉದ್ದದ ಕಾಟ್ಲಾ!

"ಮಗಾ, ಏನ್ ಹಾಕಿದ್ದೆ ಅದಕ್ಕೆ?" ಎಂದು ಮಂಜ ಕಿರುಚಿದ.

ಫೋಟೋ ತೆಗೆಸಿಕೊಂಡು, ಮೀನನ್ನು ನೀರಿಗೆ ಬಿಟ್ಟು, ಅವನಿಗೆ ತೋರಿಸಲೆಂದು ಹೆಮ್ಮೆಯಿಂದ ಒಂದು ಉಂಡೆ ಮುರಿದೆ. ಒಳಗೆ ಕೊಬ್ಬರಿ ಚೂರು. ನಾನು ಕೊಬ್ಬರಿ ಹಾಕಿರಲಿಲ್ಲ.

ಅಯ್ಯೋ ದೇವರೇ! ಅದು ಸುಮಾ ನೈವೇದ್ಯಕ್ಕೆಂದು ಅಂಥದೇ ಡಬ್ಬಿಯಲ್ಲಿ ಮಾಡಿಟ್ಟಿದ್ದ ತಂಬಿಟ್ಟು. ಹಾಗಾದರೆ ನನ್ನ ಉಂಡೆಗಳು? ತಕ್ಷಣ ಸುಮಾಗೆ ಫೋನ್ ಮಾಡಿದೆ.

"ಪೂಜೆ ಆಯ್ತು ರೀ, ಮಂಗಳಾರತಿನೂ ಆಯ್ತು. ಪಕ್ಕದ್ಮನೆ ಆಂಟಿ ಎರಡು ತಂಬಿಟ್ಟು ತಿಂದು, ಇನ್ನೆರಡು ಕಟ್ಟಿಸ್ಕೊಂಡು ಹೋದ್ರು. ಕೊಬ್ಬರಿ ಸಿಗ್ಲೇ ಇಲ್ಲ ಅಂದ್ರು, ಯಾಕೆ ಅಂತ ನಂಗೇ ಆಶ್ಚರ್ಯ."

ಮೀನಿನ ಪಾಲು ಸುಬ್ಬರಾಯನಿಗೆ, ಸುಬ್ಬರಾಯನ ಪಾಲು ಮೀನಿಗೆ! ಮನೆಗೆ ಬಂದವನೇ ನಿಜ ಹೇಳಿದೆ. ಹುಳು ಹುಪ್ಪಟೆ ಏನೂ ಬೆರೆಸಿಲ್ಲ ಎಂದು ಆಣೆ ಇಟ್ಟೆ. ಸುಮಾ ದೇವರ ಮುಂದೆ ಗಲ್ಲ ಗಲ್ಲ ಬಡಿದುಕೊಂಡಳು. ಆಮೇಲೆ ತಟ್ಟೆಯಲ್ಲಿ ಉಳಿದಿದ್ದ ಒಂದು ಉಂಡೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ನಾನು ಬೈಗುಳಕ್ಕೆ ಕಾಯುತ್ತ ನಿಂತೆ.

"ಹದ ಸರಿಯಾಗಿದೆ. ಏಲಕ್ಕಿನೂ ಬಿದ್ದಿದೆ" ಎಂದಳು. ಆಮೇಲೆ ನನ್ನನ್ನೇ ನೋಡಿದಳು. "ಮದುವೆ ಆದಾಗಿಂದ ನಂಗೊಂದು ಲೋಟ ಕಾಫಿ ಮಾಡಿಕೊಟ್ಟಿಲ್ಲ. ಮೀನಿಗೆ ತುಪ್ಪ ಹಾಕಿ ಉಂಡೆ ಕಟ್ತೀರಾ?"

ಬೆಳಗಿನಿಂದ ಬಿದ್ದ ಪೆಟ್ಟುಗಳಲ್ಲಿ ಇದೇ ದೊಡ್ಡದು. ಕೋಲನ್ನು ಮೂಲೆಗೊರಗಿಸಿ ಅಡುಗೆಮನೆಗೆ ಹೋದೆ. ಡಿಕಾಕ್ಷನ್ ಇಳಿಯುವವರೆಗೆ ಕಾಯುವುದು ಕಷ್ಟವಾಗಲಿಲ್ಲ, ಕಾಯುವುದರಲ್ಲಿ ನಾನು ಪಳಗಿದವನು. ಲೋಟವನ್ನು ಅವಳ ಮುಂದಿಟ್ಟು, ಬೆಂಡು ನೋಡುವ ಹಾಗೆ ಅವಳ ಮುಖವನ್ನೇ ನೋಡುತ್ತ ಕೂತೆ.